ಸಾಲ ಅರ್ಧಕ್ಕೆ ಇಳಿಸಿಕೊಡ್ತೀವಿ ಅಂತ ಅಣ್ಣನಿಗೆ ಒಂದು ಕಂಪನಿಯಿಂದ ಫೋನ್ ಬರ್ತಿದೆ, ನಂಬಬಹುದಾ?

ಶಿರಾಗೇಟ್_ತಂಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಣ್ಣ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಕೈಗೆ ಬರುವುದು 34,000. ಎರಡು ವರ್ಷದ ಹಿಂದೆ ಅಪ್ಪನ ಆಪರೇಷನ್‌ಗೆ ಪರ್ಸನಲ್ ಲೋನ್ ತೆಗೆದ. ಅದರ ಕಂತು ಕಟ್ಟಲು ಕ್ರೆಡಿಟ್ ಕಾರ್ಡ್ ಉಜ್ಜಿದ, ಆ ಕಾರ್ಡಿನ ಬಿಲ್ಲಿಗೆ ಇನ್ನೊಂದು ಕಾರ್ಡ್, ಕೊನೆಗೆ ಮೊಬೈಲ್ ಆ್ಯಪ್ ಸಾಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಭಾನುವಾರ ಅತ್ತಿಗೆ, ನಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಮಗನ ಹಳೇ ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದೆವು. ಪರ್ಸನಲ್ ಲೋನ್ ಬಾಕಿ 3,10,000. ಒಂದು ಕಾರ್ಡ್ 1,40,000, ಇನ್ನೊಂದು 85,000. ಮೂರು ಆ್ಯಪ್ ಸೇರಿ 65,000. ಒಟ್ಟು 6 ಲಕ್ಷ. ತಿಂಗಳಿಗೆ ಕಟ್ಟಬೇಕಾದದ್ದು 31,000. ಮನೆ ಬಾಡಿಗೆಯೇ 9,000.

ಈಗ ಒಂದು ಕಂಪನಿಯವರು ದಿನಾ ಫೋನ್ ಮಾಡುತ್ತಿದ್ದಾರೆ. ತುಂಬಾ ಚೆನ್ನಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. 6 ಲಕ್ಷವನ್ನು 3 ಲಕ್ಷಕ್ಕೆ ಮುಗಿಸಿಕೊಡುತ್ತಾರಂತೆ. ನೋಂದಣಿಗೆ 4,999. ತಿಂಗಳಿಗೆ 2,500. ಕೊನೆಗೆ ಉಳಿಸಿದ ದುಡ್ಡಿನಲ್ಲಿ 15 ಪರ್ಸೆಂಟ್. ಮುಂದಿನ ತಿಂಗಳಿಂದ ಬ್ಯಾಂಕಿಗೆ ಒಂದು ರೂಪಾಯಿ ಕಟ್ಟಬೇಡಿ, ಸಿಮ್ ಬದಲಾಯಿಸಿ, ಬ್ಯಾಂಕಿನವರ ಜೊತೆ ನಾವೇ ಮಾತಾಡುತ್ತೇವೆ ಅಂದಿದ್ದಾರೆ. ಆರ್‌ಬಿಐ ಅಪ್ರೂವ್ಡ್ ಅಂತಲೂ ಹೇಳಿದರು.

ಅಣ್ಣ ನಾಳೆಯೇ ದುಡ್ಡು ಕಟ್ಟಲು ತಯಾರಿದ್ದಾನೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಇಂಥ ಸಲಹೆ ಕೊಡುವವರಲ್ಲಿ ನಂಬುವಂಥವರು ಯಾರು, ಹೇಗೆ ಗುರುತಿಸಬೇಕು? ಗೊತ್ತಿದ್ದವರು ಹೇಳಿ.

ಮದ್ದೂರು_ಹೈದ
ಕಟ್ಟಬೇಡಿ ಅಕ್ಕ. ಆ 4,999 ವಾಪಸ್ ಬರುವ ದುಡ್ಡಲ್ಲ.

ಲೆಡ್ಜರ್_ರಾಯರು
ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಆರು ವರ್ಷ ಸಾಲ ವಸೂಲಿ ವಿಭಾಗದಲ್ಲಿ. ಈಗ ನಿವೃತ್ತಿ ಆಗಿದೆ.

ತಂಗೀ, 'ಆರ್‌ಬಿಐ ಅಪ್ರೂವ್ಡ್' ಅಂದ ಕೂಡಲೇ ಫೋನ್ ಇಟ್ಟುಬಿಡಬೇಕಿತ್ತು. ಸಾಲ ಕೊಡುವ ಬ್ಯಾಂಕಿಗೆ, ಎನ್‌ಬಿಎಫ್‌ಸಿಗೆ (ಬ್ಯಾಂಕಲ್ಲದ ಹಣಕಾಸು ಕಂಪನಿಗೆ) ಆರ್‌ಬಿಐ ಲೈಸೆನ್ಸ್ ಇರುತ್ತದೆ. ಸಾಲ ಇಳಿಸಿಕೊಡುತ್ತೇವೆ ಅನ್ನುವ ಕಂಪನಿಗಳಿಗೆ ಅಂಥ ಲೈಸೆನ್ಸೇ ಇಲ್ಲ. ಅವರ ಹತ್ತಿರ ಕಂಪನಿ ನೋಂದಣಿ ಪತ್ರ ಇರಬಹುದು, ಜಿಎಸ್‌ಟಿ ನಂಬರ್ ಇರಬಹುದು. ಅದನ್ನು ತೋರಿಸಿ ಆರ್‌ಬಿಐ ಹೆಸರು ಹೇಳುವುದು ಸುಳ್ಳು. ಮೊದಲ ಫೋನಿನಲ್ಲೇ ಸುಳ್ಳು ಹೇಳಿದವರ ಕೈಗೆ ಮನೆ ಲೆಕ್ಕ ಕೊಡಬಾರದು.

ಪುಕ್ಕಟೆ ದಾರಿ ಒಂದಿದೆ. ಸಾಲ ಸಲಹಾ ಕೇಂದ್ರ ತೆರೆಯಲು ಆರ್‌ಬಿಐ 2009ರಲ್ಲಿ ಬ್ಯಾಂಕುಗಳಿಗೆ ಮಾದರಿ ಯೋಜನೆ ಕೊಟ್ಟಿತು. 2012ರಿಂದ ಅವನ್ನು ಆರ್ಥಿಕ ಸಾಕ್ಷರತಾ ಕೇಂದ್ರ, ಎಫ್‌ಎಲ್‌ಸಿ ಅನ್ನುತ್ತಾರೆ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇರುತ್ತದೆ, ಅದಕ್ಕೊಬ್ಬ ಲೀಡ್ ಡಿಸ್ಟ್ರಿಕ್ಟ್ ಮ್ಯಾನೇಜರ್ ಇರುತ್ತಾರೆ. ಅವರ ಕಚೇರಿಗೆ ಹೋಗಿ 'ಸಾಲದ ಬಗ್ಗೆ ಸಲಹೆ ಬೇಕು, ಎಫ್‌ಎಲ್‌ಸಿ ಕೌನ್ಸೆಲರ್ ಯಾರು?' ಅಂತ ಕೇಳಿ. ಕೌನ್ಸೆಲರ್ ಆಗಿ ಹೆಚ್ಚಾಗಿ ಬ್ಯಾಂಕಿನಿಂದ ನಿವೃತ್ತರಾದವರೇ ಇರುತ್ತಾರೆ. ಫೀಸು ಇಲ್ಲ.

ಧಾರವಾಡ_ಪೇಢೆ
ರಾಯರೇ, ಕಾಗದದ ಮೇಲೆ ಇದು ಚೆನ್ನಾಗಿದೆ. ನಾನು ಹೋದಾಗ ಆ ಕೋಣೆಗೆ ಬೀಗ ಹಾಕಿತ್ತು. ಎರಡು ಸಲ ಹೋದೆ. ಸಾರ್ ಹಳ್ಳಿಗೆ ಕ್ಯಾಂಪಿಗೆ ಹೋಗಿದ್ದಾರೆ ಅಂದರು. ಮೂರನೇ ಸಲ ಸಿಕ್ಕರು, ಆದರೆ ಜನಧನ್ ಖಾತೆ, ವಿಮೆ ಬಗ್ಗೆಯೇ ಹೇಳಿದರು. ಕ್ರೆಡಿಟ್ ಕಾರ್ಡ್ ಅಂದರೆ ಅವರಿಗೂ ಅಷ್ಟು ಗೊತ್ತಿರಲಿಲ್ಲ.

ಲೆಡ್ಜರ್_ರಾಯರು
ನೀವು ಹೇಳುವುದು ನಿಜ, ಇಲ್ಲ ಅನ್ನುವುದಿಲ್ಲ. ಒಬ್ಬರೇ ಕೌನ್ಸೆಲರ್, ತಿಂಗಳಿಗೆ ಇಷ್ಟು ಕ್ಯಾಂಪ್ ಅಂತ ಲೆಕ್ಕ ಬೇರೆ. ಅದಕ್ಕೇ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು ಹೋಗಬೇಕು. ಅವರಿಗೆ ಕಾರ್ಡಿನ ವಿಷಯ ಗೊತ್ತಿಲ್ಲದಿದ್ದರೂ ಒಂದು ಅನುಕೂಲ ಇದೆ. ನೀವು ಕಂತು ತಪ್ಪಿಸಿದರೆ ಅವರಿಗೆ ಲಾಭ ಇಲ್ಲ, ಕಟ್ಟಿದರೂ ಲಾಭ ಇಲ್ಲ. ಫೀಸು ಕೇಳುವ ಕಂಪನಿಯ ವಿಷಯ ಹಾಗಲ್ಲ.

ಕೆಂಗೇರಿ_ಸತೀಶ
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ನಾನು ಇಂಥ ಕಂಪನಿಯ ಮೂಲಕವೇ ಒಂದು ಕಾರ್ಡ್ ಸೆಟಲ್ ಮಾಡಿದೆ. ಬಾಕಿ 3,05,000 ಇತ್ತು, 1,30,000ಕ್ಕೆ ಮುಗಿಯಿತು. ಆಗ ರಿಕವರಿಯವರ ಕಾಟಕ್ಕೆ ನಾನು ಮನೆ ಬಾಗಿಲು ತೆಗೆಯುತ್ತಿರಲಿಲ್ಲ. ಅವರು ಮಧ್ಯೆ ನಿಂತು ಮಾತಾಡಿದರು. ನನ್ನ ಪಾಲಿಗೆ ಅದು ದೊಡ್ಡ ಸಹಾಯ.

ಲೆಡ್ಜರ್_ರಾಯರು
ಸತೀಶ್ ಅವರೇ, ಬೇಸರ ಮಾಡಿಕೊಳ್ಳಬೇಡಿ, ಒಂದು ಲೆಕ್ಕ ಕೇಳುತ್ತೇನೆ. ಕಂಪನಿಗೆ ಸೇರಿದ ದಿನ ಬಾಕಿ ಎಷ್ಟಿತ್ತು? ಸೆಟಲ್ ಆಗಲು ಎಷ್ಟು ತಿಂಗಳು ಹಿಡಿಯಿತು? ಫೀಸು ಒಟ್ಟು ಎಷ್ಟಾಯಿತು?

ಕೆಂಗೇರಿ_ಸತೀಶ
ಸೇರಿದಾಗ 2,20,000. ಕಂತು ನಿಲ್ಲಿಸಿ 14 ತಿಂಗಳು. ತಿಂಗಳಿಗೆ 2,000 ಫೀಸು, ಕೊನೆಗೆ 15 ಪರ್ಸೆಂಟ್ ಮತ್ತು ಜಿಎಸ್‌ಟಿ.

ಲೆಡ್ಜರ್_ರಾಯರು
ಹಾಗಾದರೆ ನೋಡಿ. ತಿಂಗಳ ಫೀಸು 28,000. ಉಳಿಸಿದ್ದು ಅಂತ ಅವರು 3,05,000ದಲ್ಲಿ 1,30,000 ಕಳೆದು 1,75,000 ಹಿಡಿದಿರುತ್ತಾರೆ. ಅದರ 15 ಪರ್ಸೆಂಟ್ 26,250, ಜಿಎಸ್‌ಟಿ 4,725. ಎಲ್ಲಾ ಸೇರಿ ನಿಮ್ಮ ಕೈಯಿಂದ ಹೋದದ್ದು 1,88,975. ಮೊದಲ ದಿನದ ಬಾಕಿ 2,20,000. ಅಂದರೆ ನಿಜವಾಗಿ ಉಳಿದದ್ದು 31,025.

ಕಂತು ನಿಲ್ಲಿಸಿದ್ದರಿಂದ ಬೆಳೆದ 85,000 ಇದೆಯಲ್ಲ, ಅದನ್ನೂ ಅವರು 'ಉಳಿಸಿಕೊಟ್ಟ' ಲೆಕ್ಕಕ್ಕೆ ಸೇರಿಸಿ ಅದರ ಮೇಲೂ ಫೀಸು ತೆಗೆದುಕೊಂಡಿದ್ದಾರೆ. ಸಾಲ ಬೆಳೆದಷ್ಟೂ ಅವರ ಫೀಸು ಬೆಳೆಯುತ್ತದೆ. ಕಂತು ಕಟ್ಟಬೇಡಿ ಅನ್ನುವುದು ಅದಕ್ಕೇ.

ಕೆಂಗೇರಿ_ಸತೀಶ
ಈ ಲೆಕ್ಕ ನಾನು ಯಾವತ್ತೂ ಮಾಡಿರಲಿಲ್ಲ. ಹಾಗೆ ನೋಡಿದರೆ ಹೋದ ವರ್ಷ ಅಂಗಡಿಗೆ ಲೋನ್ ಕೇಳಿದಾಗ ಸಿಬಿಲ್‌ನಲ್ಲಿ, ಅಂದರೆ ಸಾಲದ ಇತಿಹಾಸದ ವರದಿಯಲ್ಲಿ, 'ಸೆಟಲ್ಡ್' (ಪೂರ್ತಿ ಕಟ್ಟದೆ ಮುಗಿಸಿದ್ದು) ಅಂತ ಇದೆ ಅಂತ ವಾಪಸ್ ಕಳಿಸಿದರು. ಅದನ್ನೂ ಆಗ ಯಾರೂ ನನಗೆ ಹೇಳಲಿಲ್ಲ.

ಆದರೂ ಒಂದು ಮಾತು. ಆಗ ನಾನಿದ್ದ ಸ್ಥಿತಿಯಲ್ಲಿ ಬ್ಯಾಂಕಿಗೆ ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ. ಆ ಧೈರ್ಯಕ್ಕೆ ನಾನು ದುಡ್ಡು ಕೊಟ್ಟೆ ಅಂದುಕೊಳ್ಳುತ್ತೇನೆ.

ಅಡ್ವೊಕೇಟ್_ಹಾಸನ
ಸತೀಶ್ ಹೇಳಿದ್ದು ಅರ್ಥ ಆಗುತ್ತದೆ. ಆದರೆ ಕಂತು ನಿಲ್ಲಿಸಿ ಅನ್ನುವ ಸಲಹೆಯ ಕಾನೂನಿನ ಕಡೆಯನ್ನು ಯಾರೂ ಹೇಳುವುದಿಲ್ಲ. ಚೆಕ್ ಕೊಟ್ಟಿದ್ದು ಬೌನ್ಸ್ ಆದರೆ ಎನ್‌ಐ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್) ಕಾಯ್ದೆಯ 138ನೇ ಸೆಕ್ಷನ್‌ನಲ್ಲಿ ಕೇಸ್ ಅಂತ ಎಲ್ಲರಿಗೂ ಗೊತ್ತು. ಖಾತೆಯಿಂದ ತಾನಾಗಿ ಕಡಿತ ಆಗುವ ಕಂತು ದುಡ್ಡಿಲ್ಲದೆ ಬೌನ್ಸ್ ಆದರೂ ಕೇಸ್ ಹಾಕಬಹುದು. ಅದು 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್. ಸಿಮ್ ಬದಲಾಯಿಸಿ ಕೂತರೆ ನೋಟಿಸ್ ಬಂದದ್ದೂ ತಿಳಿಯುವುದಿಲ್ಲ. ಕೋರ್ಟಿಗೆ ಹೋಗಬೇಕಾದವರು ನಿಮ್ಮಣ್ಣ, ಆ ಕಂಪನಿ ಅಲ್ಲ.

ಇನ್ನು ಕೆಲವರು 'ದಿವಾಳಿ ಅರ್ಜಿ ಹಾಕಿ ಎಲ್ಲಾ ಸಾಲ ತೊಳೆದುಬಿಡುತ್ತೇವೆ' ಅನ್ನುತ್ತಾರೆ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಅಂತ ಭಾಗ ಇರುವುದು ನಿಜ. ಆದರೆ ಅದು ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್‌ನಿಂದ. ಸಂಬಳದಾರನ ಕ್ರೆಡಿಟ್ ಕಾರ್ಡಿಗೆ ಆ ಬಾಗಿಲು ತೆರೆದಿಲ್ಲ.

ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ. ಸಹಾಯವಾಣಿ 15100.

ಬಸವನಗುಡಿ_ಲತಾ
ನಾನು ಕಾರ್ಡಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅಲ್ಲೇ ರಕ್ತ ಸೋರುತ್ತಿದೆ. 1,40,000 ಬಾಕಿಗೆ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂದರೆ 4,900. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 882. ನಿಮ್ಮಣ್ಣ ಮಿನಿಮಮ್ ಅಂತ 7,000 ಕಟ್ಟಿದರೆ ಅಸಲಿಗೆ ಹೋಗುವುದು 1,218 ಮಾತ್ರ. ಕಾರ್ಡಿನ ಬ್ಯಾಂಕಿಗೆ ಅಣ್ಣನೇ ಫೋನ್ ಮಾಡಿ 'ಪೂರ್ತಿ ಬಾಕಿಯನ್ನು ಕಂತಿಗೆ ಬದಲಾಯಿಸಿ' ಅಂತ ಕೇಳಲಿ. ಬಡ್ಡಿ ಅರ್ಧಕ್ಕಿಂತ ಕೆಳಗೆ ಬರಬಹುದು. ಇದಕ್ಕೆ ಮಧ್ಯವರ್ತಿ ಬೇಡವೇ ಬೇಡ. ಕಾರ್ಡ್ ಕತ್ತರಿಸಿಬಿಡಲಿ.

ತೀರ್ಥಹಳ್ಳಿ_ಅಡಿಕೆ
ಚಿನ್ನ ಇದ್ದರೆ ಅಡ ಇಟ್ಟು ಕಾರ್ಡ್ ತೀರಿಸಿಬಿಡಿ. ಕಾರ್ಡಿನ ವರ್ಷದ 42 ಪರ್ಸೆಂಟ್ ಎಲ್ಲಿ, ಬ್ಯಾಂಕಿನ ಚಿನ್ನದ ಸಾಲ ಎಲ್ಲಿ.

ಗಂಗಾವತಿ_ಶೈಲಾ
ಅತ್ತಿಗೆಯ ಚಿನ್ನಕ್ಕೆ ಕೈ ಹಾಕುವ ಮೊದಲು ಅತ್ತಿಗೆಯನ್ನು ಕೇಳಿ! ನಮ್ಮ ಮನೆಯಲ್ಲಿ ನನ್ನ ಬಳೆ ಅಡ ಇಟ್ಟರು. ಆರು ತಿಂಗಳಿಗೆ ಕಾರ್ಡ್ ಮತ್ತೆ ತುಂಬಿತು, ಬಳೆಯೂ ಹರಾಜಿಗೆ ಹೋಯಿತು.

ತೀರ್ಥಹಳ್ಳಿ_ಅಡಿಕೆ
ಕೇಳದೆ ಇಡಿ ಅಂತ ನಾನೆಲ್ಲಿ ಹೇಳಿದೆ? ಲೆಕ್ಕ ಹೇಳಿದೆ ಅಷ್ಟೇ.

ಗಂಗಾವತಿ_ಶೈಲಾ
ಲೆಕ್ಕದಲ್ಲಿ ಯಾವಾಗಲೂ ನಮ್ಮ ಬಳೆಯೇ ಮೊದಲು ಬರುತ್ತದೆ, ಅದಕ್ಕೆ ಹೇಳಿದೆ.

ಮದ್ದೂರು_ಹೈದ
ಸ್ವಲ್ಪ ಬೇರೆ ವಿಷಯ. ನಮ್ಮಮ್ಮನ ಹೆಸರಲ್ಲಿ ಸಂಘದ ಸಾಲ ಇದೆ, ವಾರ ವಾರ ಕಂತು. ಹೊಸ ಕಾನೂನು ಬಂದಿದೆ, ಇನ್ನು ಮೈಕ್ರೋಫೈನಾನ್ಸ್ ಸಾಲ ಕಟ್ಟುವ ಹಾಗಿಲ್ಲ ಅಂತ ಊರಲ್ಲಿ ಒಬ್ಬರು ಹೇಳಿಕೊಂಡು ತಿರುಗುತ್ತಿದ್ದಾರೆ. ಅರ್ಜಿ ತುಂಬಿಕೊಡಲು ಮನೆಗೆ 500 ತೆಗೆದುಕೊಳ್ಳುತ್ತಿದ್ದಾರೆ. ನಿಜಾನಾ?

ಅಡ್ವೊಕೇಟ್_ಹಾಸನ
ಪೂರ್ತಿ ನಿಜ ಅಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಬಲವಂತದ ವಸೂಲಿ, ಕಿರುಕುಳ ತಡೆಯಲು. ತಪ್ಪು ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಸಾಲ ತೀರಿದಂತೆ ಅನ್ನುವ ಮಾತು ಲೈಸೆನ್ಸ್, ನೋಂದಣಿ ಇಲ್ಲದವರು ಕೊಟ್ಟ ಸಾಲಕ್ಕೆ. ಆರ್‌ಬಿಐ ನೋಂದಣಿ ಇರುವ ಸಂಸ್ಥೆಯ ಸಾಲ ಮನ್ನಾ ಆಗಿಲ್ಲ. ಅಮ್ಮನ ಪಾಸ್‌ಬುಕ್ಕಿನಲ್ಲಿ ಸಂಸ್ಥೆಯ ಹೆಸರು ನೋಡಿ, ನೋಂದಣಿ ಇದೆಯಾ ಅಂತ ಮೊದಲು ಪರೀಕ್ಷಿಸಿ. ಸುಮ್ನೆ ಕಂತು ನಿಲ್ಲಿಸಬೇಡಿ.

ಆ 500 ತೆಗೆದುಕೊಳ್ಳುವವರಿಗೆ ಖಂಡಿತ ಕೊಡಬೇಡಿ.

ಬಸವನಗುಡಿ_ಲತಾ
ಮೈಕ್ರೋಫೈನಾನ್ಸ್‌ನವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ. 2022ರ ಆರ್‌ಬಿಐ ನಿಯಮ. ಬೇರೆ ಸಾಲಗಳಿಗೆ ಫೋನ್ ಮಾಡುವ ಸಮಯ ಬೆಳಗ್ಗೆ 8ರಿಂದ ಸಂಜೆ 7. ಮನೆಯವರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮಾನ ತೆಗೆಯುವಂತಿಲ್ಲ.

ಮದ್ದೂರು_ಹೈದ
ಥ್ಯಾಂಕ್ಸ್ ಮೇಡಂ, ಸರ್. ಅಮ್ಮನಿಗೆ ಓದಿ ಹೇಳಿದೆ. ಸಂಜೆ 6 ಅನ್ನುವುದನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆಸಿಕೊಂಡರು.

ಲಂಡನ್_ಕಾವೇರಿ
ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಸ್ಟೆಪ್‌ಚೇಂಜ್ ಅಂತ ಒಂದು ಚಾರಿಟಿ ಇದೆ, ಸಲಹೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸಾಲದ ಸಲಹೆ ಕೊಡುವವರಿಗೆ ಇಲ್ಲಿನ ಹಣಕಾಸು ನಿಯಂತ್ರಕರ ಅನುಮತಿ ಬೇಕು. 2021ರ ಮೇ ತಿಂಗಳಿಂದ ಅರ್ಹರಿಗೆ 60 ದಿನ ಬಡ್ಡಿ, ವಸೂಲಿ ಎರಡಕ್ಕೂ ತಡೆ ಸಿಗುತ್ತದೆ. ನಮ್ಮಲ್ಲೂ ಇಂಥದ್ದೊಂದು ಬರಬೇಕು ಅಂತ ತುಂಬಾ ಅನ್ನಿಸುತ್ತದೆ. ಅಮೆರಿಕದಲ್ಲೂ ಫೋನ್ ಮೂಲಕ ಸಾಲ ಇಳಿಸುವ ವ್ಯವಹಾರ ಮಾಡುವವರು ಕೆಲಸ ಆಗುವ ಮುಂಚೆ ಫೀಸು ತೆಗೆದುಕೊಳ್ಳುವುದನ್ನು 2010ರಲ್ಲೇ ನಿಷೇಧಿಸಿದರು.

ಧಾರವಾಡ_ಪೇಢೆ
ಇಲ್ಲೂ ಅಂಥ ನಿಷೇಧ ಬೇಕು. ಮೊದಲೇ ದುಡ್ಡು ಕೇಳುವುದು ನಿಂತರೆ ಅರ್ಧ ಕಂಪನಿ ಮುಚ್ಚುತ್ತವೆ.

ಉಡುಪಿ_ಕಡಲು
ಆ್ಯಪ್ ಸಾಲದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ ಮಾರಾಯ್ರೆ. 2025ರ ಜುಲೈಯಿಂದ ಆರ್‌ಬಿಐ ತನ್ನ ವೆಬ್‌ಸೈಟಿನಲ್ಲಿ ಸಾಲ ಕೊಡುವ ಆ್ಯಪ್‌ಗಳ ಪಟ್ಟಿ ಹಾಕಿದೆ. ಮೂರೂ ಆ್ಯಪ್ ಅದರಲ್ಲಿ ಇದೆಯಾ, ಯಾವ ಎನ್‌ಬಿಎಫ್‌ಸಿ ಹೆಸರಿದೆ ನೋಡಿ. ಫೋನಿನ ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟಲು ಆ್ಯಪ್‌ಗೆ ಅವಕಾಶ ಇಲ್ಲ. ಪಟ್ಟಿಯಲ್ಲಿ ಇಲ್ಲದ ಆ್ಯಪ್ ಫೋಟೋ ತಿರುಚಿ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಪಾವಗಡ_ಬಿಸಿಲು
ಚೀಟಿ ಎತ್ತಿ ಎಲ್ಲಾ ಒಟ್ಟಿಗೆ ಕಟ್ಟಬಹುದಲ್ಲ?

ತೀರ್ಥಹಳ್ಳಿ_ಅಡಿಕೆ
ಚೀಟಿ ಎತ್ತಿದರೆ ಆಮೇಲೆ ಚೀಟಿಯ ಕಂತು ಕಟ್ಟಬೇಕಲ್ಲ ಗುರು. 34,000ದಲ್ಲಿ ಎಲ್ಲಿಂದ ಬರುತ್ತದೆ?

ಗಂಗಾವತಿ_ಶೈಲಾ
ತಂಗೀ, ಲೆಕ್ಕ ಎಲ್ಲಾ ಸರಿ. ನಿಮ್ಮಣ್ಣ ಹೇಗಿದ್ದಾರೆ? ಊಟ, ನಿದ್ದೆ? ನಮ್ಮ ಮನೆಯವರು ಆ ಟೈಮಲ್ಲಿ ರಾತ್ರಿಯೆಲ್ಲ ವರಾಂಡದಲ್ಲಿ ಕೂತಿರುತ್ತಿದ್ದರು. ನಾನು ಬಡ್ಡಿ ನೋಡಿದೆ, ಅವರನ್ನು ನೋಡಲಿಲ್ಲ. 14416 ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ದಯವಿಟ್ಟು ಆ ನಂಬರ್ ಅಣ್ಣನ ಫೋನಿನಲ್ಲಿ ಹಾಕಿಡಿ.

ಶಿರಾಗೇಟ್_ತಂಗಿ
ಶೈಲಕ್ಕ, ನಿದ್ದೆ ಇಲ್ಲ. ಫೋನ್ ರಿಂಗಾದರೆ ಎದ್ದು ಹೊರಗೆ ಹೋಗುತ್ತಾನೆ. ನಂಬರ್ ಹಾಕಿಟ್ಟೆ. ನೀವು ಕೇಳಿದ್ದಕ್ಕೆ ಕಣ್ಣು ತುಂಬಿ ಬಂತು.

ರಾಯರ ಲೆಕ್ಕವನ್ನು ಅಣ್ಣನಿಗೆ ತೋರಿಸಿದೆ. ಎರಡು ಸಲ ಓದಿದ. ನಾಳೆ 4,999 ಕಟ್ಟುವುದಿಲ್ಲ ಅಂದ.

ಸಿದ್ದಾಪುರ_ಸೋನೆ
ನಮ್ಮ ದೊಡ್ಡಪ್ಪನಿಗೆ ಆದದ್ದು ಹೇಳಲೇಬೇಕು. ಏಜೆಂಟ್ ಒಬ್ಬ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸೆಟಲ್‌ಮೆಂಟ್ ಪತ್ರ ತಂದ. ಸೀಲು, ಸಹಿ ಎಲ್ಲಾ ಇತ್ತು. 60,000 ಅವನ ಯುಪಿಐಗೆ ಕಳಿಸಿದರು. ಪತ್ರವೇ ನಕಲಿ. ಅದಕ್ಕೇ ಹೇಳುವುದು, ಯಾರ ಮೂಲಕ ಸೆಟಲ್ ಮಾಡಿದರೂ ಪತ್ರ ಹಿಡಿದು ಶಾಖೆಗೆ ಹೋಗಿ ಕೇಳಿ. ದುಡ್ಡು ಸಾಲದ ಖಾತೆಗೇ ಹೋಗಬೇಕು, ವ್ಯಕ್ತಿಯ ನಂಬರಿಗೆ ಅಲ್ಲ. ಮುಗಿದ ಮೇಲೆ ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ತೆಗೆದುಕೊಳ್ಳಿ.

ಕೆಂಗೇರಿ_ಸತೀಶ
ರಾಯರೇ, ಆ 'ಸೆಟಲ್ಡ್' ಅನ್ನು ಅಳಿಸಲು ಆಗುತ್ತದಾ? ಒಬ್ಬರು 8,000 ಕೊಟ್ಟರೆ ಸಿಬಿಲ್ ರಿಪೇರಿ ಮಾಡಿಕೊಡುತ್ತೇನೆ ಅಂತಿದ್ದಾರೆ.

ಲೆಡ್ಜರ್_ರಾಯರು
ಕೊಡಬೇಡಿ ಸತೀಶ್. ಸರಿಯಾಗಿ ದಾಖಲಾದದ್ದನ್ನು ಹೊರಗಿನವರು ಯಾರೂ ಅಳಿಸಲಾರರು. ಸೆಟಲ್ ಮಾಡುವಾಗ ಬ್ಯಾಂಕ್ ಬಿಟ್ಟುಕೊಟ್ಟ ದುಡ್ಡನ್ನು ಬ್ಯಾಂಕಿಗೇ ಕಟ್ಟಿ ಪತ್ರ ಪಡೆದರೆ ಬ್ಯಾಂಕೇ 'ಕ್ಲೋಸ್ಡ್' ಅಂತ ವರದಿ ಮಾಡಬಹುದು, ಹೋಗಿ ಕೇಳಿ. ತಪ್ಪು ದಾಖಲೆ ಇದ್ದರೆ ದೂರು ಕೊಡುವುದು ಪುಕ್ಕಟೆ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ವರ್ಷಕ್ಕೊಮ್ಮೆ ಪೂರ್ತಿ ವರದಿಯೂ ಪುಕ್ಕಟೆ ಸಿಗುತ್ತದೆ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅದಕ್ಕೂ ಫೀಸಿಲ್ಲ.

ಶಿರಾಗೇಟ್_ತಂಗಿ
ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ತುಮಕೂರಿನ ಲೀಡ್ ಬ್ಯಾಂಕ್ ಕಚೇರಿಗೆ ಫೋನ್ ಮಾಡಿ ದಿನ ಕೇಳಿಕೊಂಡು ಹೋದೆ. ಕೌನ್ಸೆಲರ್ ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಮೊದಲು ಕೇಳಿದ್ದು 'ಸಾಲ ಎಷ್ಟು' ಅಂತಲ್ಲ. 'ತಿಂಗಳಿಗೆ ಅಕ್ಕಿ, ಹಾಲು, ಗ್ಯಾಸ್, ಮಕ್ಕಳ ಫೀಸು ಎಷ್ಟು?' ಅಂತ. ಅದನ್ನು ಒಂದು ಕಡೆ ಬರೆದರು. ಬಾಡಿಗೆ ಸೇರಿ 21,000 ಆಯಿತು. ಉಳಿದದ್ದು 13,000. 'ಇದರಲ್ಲಿ ಎಷ್ಟಾಗುತ್ತದೋ ಅಷ್ಟೇ ಮಾತು ಕೊಡಬೇಕು, ಜಾಸ್ತಿ ಕೊಟ್ಟರೆ ಮತ್ತೆ ಸಾಲ ಮಾಡುತ್ತೀರಿ' ಅಂದರು. ಯಾವ ಕಂತೂ ನಿಲ್ಲಿಸಿ ಅನ್ನಲಿಲ್ಲ. ಪರ್ಸನಲ್ ಲೋನಿನ ಅವಧಿ ಹೆಚ್ಚಿಸಿ ಕಂತು ಇಳಿಸಲು ಬ್ಯಾಂಕಿಗೆ ಒಂದು ಅರ್ಜಿ, ಎರಡು ಕಾರ್ಡಿಗೂ ಬಾಕಿಯನ್ನು ಕಂತು ಮಾಡಿಕೊಡಿ ಅಂತ ಎರಡು ಅರ್ಜಿ. ಮೂರನ್ನೂ ಅವರೇ ಕೈಯಲ್ಲಿ ಬರೆದುಕೊಟ್ಟರು. ಅಪ್ಪನ ಆಸ್ಪತ್ರೆ ಬಿಲ್ಲಿನ ನಕಲು ಲಗತ್ತಿಸಲು ಹೇಳಿದರು.

ಧಾರವಾಡದವರು ಹೇಳಿದ ಹಾಗೆ ಆ್ಯಪ್‌ಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಅದನ್ನು ನಾವೇ ನೋಡಿದೆವು. ಎರಡು ಆ್ಯಪ್ ಪಟ್ಟಿಯಲ್ಲಿವೆ, ಒಂದು ಇಲ್ಲ. ಅದರ ಮೇಲೆ ದೂರು ಹಾಕಿದ್ದೇವೆ.

ಒಂದು ಕಾರ್ಡಿನವರು 24 ತಿಂಗಳ ಕಂತಿಗೆ ಒಪ್ಪಿದರು. ಇನ್ನೊಂದು ಕಾರ್ಡ್, ಪರ್ಸನಲ್ ಲೋನ್ ಉತ್ತರ ಬಂದಿಲ್ಲ. ಅತ್ತಿಗೆ ತಾನಾಗಿಯೇ ಒಂದು ಜೊತೆ ಓಲೆ ಮಾರಿ ಚಿಕ್ಕ ಆ್ಯಪ್ ಸಾಲ ತೀರಿಸೋಣ ಅಂದಳು. ಶೈಲಕ್ಕ, ನಾನು ಬೇಡ ಅಂದೆ, ಅವಳು ಕೇಳುತ್ತಿಲ್ಲ.

ಗಂಗಾವತಿ_ಶೈಲಾ
ಅವಳೇ ನಿರ್ಧಾರ ಮಾಡಿದ್ದರೆ ನನ್ನ ಮಾತಿಲ್ಲ. ಮಾರಿದ ರಸೀದಿ ಅವಳ ಹೆಸರಲ್ಲಿ ಇರಲಿ.

ಪಾವಗಡ_ಬಿಸಿಲು
ನಮ್ಮ ಕಡೆಯವರೂ ತುಮಕೂರಿಗೇ ಬರಬೇಕಾ?

ಲೆಡ್ಜರ್_ರಾಯರು
ಪಾವಗಡ ತುಮಕೂರು ಜಿಲ್ಲೆಯೇ, ಹಾಗಾಗಿ ಅದೇ ಲೀಡ್ ಬ್ಯಾಂಕ್. ಅಷ್ಟು ದೂರ ಹೋಗುವ ಮುಂಚೆ ಹತ್ತಿರದ ಶಾಖೆಯಲ್ಲಿ ವಿಚಾರಿಸಿ, ತಾಲೂಕಿಗೆ ಕೌನ್ಸೆಲರ್ ಬರುವ ದಿನ ಇದ್ದರೆ ಅಲ್ಲೇ ಸಿಗುತ್ತಾರೆ.

ಶಿರಾಗೇಟ್_ತಂಗಿ
ಸೋಮವಾರ ಪರ್ಸನಲ್ ಲೋನಿನ ಶಾಖೆಗೆ ಬನ್ನಿ ಅಂತ ಫೋನ್ ಬಂತು. ಅಣ್ಣ ರಜೆ ಹಾಕಿದ್ದಾನೆ. ನಾನು ಬರಲಾ ಅಂದರೆ ಬೇಡ, ನಾನೇ ಮಾತಾಡುತ್ತೇನೆ ಅಂದ. ಗಣಿತದ ನೋಟ್‌ಬುಕ್ ಬ್ಯಾಗಿನಲ್ಲಿ ಇಟ್ಟುಕೊಂಡ.